ಮಾವ ಆರಿಸಿದ ಲೇತ್

ಅರುವತ್ತರ ದಶಕದ ಆರಂಭದಲ್ಲಿ ಪುತ್ತೂರಿನ ಕ್ಲಬ್ಬೊಂದರಲ್ಲಿ ಬಿಲಿಯರ್ಡ್ಸ್ ಮೇಜಿತ್ತು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಮೇಜು ಅದು. ಹಸಿರು ಬಟ್ಟೆಯ ಅಡಿಯಲ್ಲಿ ಕಲ್ಲಿನ ಚಪ್ಪಡಿ ಇದ್ದುದರಿಂದ ಒಮ್ಮೆ ಒಳಗೆ ಇಟ್ಟ ಮೇಲೆ ಅದನ್ನು ಅಲುಗಾಡಿಸುವ ಯೋಚನೆಯನ್ನು ಯಾರೂ ಮಾಡಿರಲಿಲ್ಲ. ಬುಧವಾರ ಮತ್ತು ಶನಿವಾರ ನಾನು ತೋಟದ ಕೆಲಸ ಮುಗಿಸಿ, ಸ್ನಾನ ಮಾಡಿ, ಕೆದಂಬಾಡಿಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಆಟ ಎರಡೇ. ಗೆದ್ದರೂ ಎರಡು, ಸೋತರೂ ಎರಡು. ಗಂಟೆಯ ಸದ್ದಿಗೆ ಏಳುವ, ಉಣ್ಣುವ, ಮಲಗುವ ಬೋರ್ಡಿಂಗ್ ಶಾಲೆಯಲ್ಲಿ ಓದಿದವನಿಗೆ ಮನರಂಜನೆಗೂ ಒಂದು ಹೊತ್ತು ಗೊತ್ತಿರಬೇಕಾಗುತ್ತದೆ.

ಮೇಜು ಚೆನ್ನಾಗಿಯೇ ಇತ್ತು. ಕೆಟ್ಟದ್ದು ಚೆಂಡು ಹೊಡೆಯುವ ಕ್ಯೂ ಕೋಲುಗಳು. ಘಟ್ಟದ ತಂಪಿನಲ್ಲಿ ನೆಟ್ಟಗಿದ್ದವು ನಮ್ಮ ಕರಾವಳಿಯ ಪಸೆಗೆ ಒಂದೊಂದಾಗಿ ಬಾಗಿದವು. ತುದಿಯ ಚರ್ಮದ ಬಿಲ್ಲೆಗಳು ಉದುರಿದವು. ಕ್ಲಬ್ಬಿನ ಅಧ್ಯಕ್ಷರಾಗಿದ್ದ ವಕೀಲರು ಸೋತಾಗಲೆಲ್ಲ ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಕಡೆ ಗುರಿಯಿಟ್ಟು ನೋಡಿ, ಬಾಗಿದೆಯೆಂದು ಘೋಷಿಸುತ್ತಿದ್ದರು. ಅವರು ಪ್ರತಿ ಸಲ ಸೋಲುತ್ತಿದ್ದರು. ಕೋಲು ನಿಜವಾಗಿಯೂ ಬಾಗಿತ್ತು. ಆದ್ದರಿಂದ ಯಾರ ಮನಸ್ಸಿಗೂ ನೋವಿರಲಿಲ್ಲ.

ಒಂದು ವರ್ಷದ ಮಹಾಸಭೆಯಲ್ಲಿ ವಕೀಲರು ಮೇಜನ್ನು ಮಾರಿಬಿಡುವ ಪ್ರಸ್ತಾಪ ತಂದರು. ಇಂಥ ಕೋಲುಗಳಲ್ಲಿ ಆಡುವುದು ಆಟಕ್ಕೇ ಅವಮಾನ, ಆ ಜಾಗದಲ್ಲಿ ಇಸ್ಪೀಟಿನ ಮೇಜು ನಾಲ್ಕು ಹಿಡಿಸುತ್ತವೆ ಎಂದರು. ಪುತ್ತೂರಿಗೆ ಹೋಗಲು ನನಗೆ ಆ ಮೇಜಿನ ಹೊರತು ಬೇರೆ ಕಾರಣವಿರಲಿಲ್ಲ. ಇಸ್ಪೀಟು ನಾನು ಮುಟ್ಟುವವನಲ್ಲ. ಎದ್ದು ನಿಂತು, ಕೋಲು ಸರಿಯಾದರೆ ಮೇಜು ಉಳಿಯುತ್ತದೆಯೇ ಎಂದು ಕೇಳಿದೆ. ಕ್ಲಬ್ಬಿನಲ್ಲಿ ಪ್ರಶ್ನೆ ಕೇಳಿದವನೇ ಉಪಸಮಿತಿಯಾಗುವುದು ರೂಢಿ. ಮುಂದಿನ ಮಹಾಸಭೆಯ ಒಳಗೆ ಆರು ನೆಟ್ಟಗಿನ ಕೋಲು ಸಿದ್ಧವಾದರೆ ಮೇಜಿನ ವಿಷಯ ಮರುಪರಿಶೀಲನೆ, ಇಲ್ಲವಾದರೆ ಮಾರಾಟ ಎಂದು ನಿರ್ಣಯವಾಯಿತು. ಆರು ಕೋಲಿನ ಹೊಣೆ ನನ್ನದು.

ಅದಕ್ಕೆ ಮೊದಲೇ ನಾನು ಹವ್ಯಾಸಕ್ಕೆಂದು ಕೋಲುಗಳ ತುದಿಗೆ ಚರ್ಮ ಅಂಟಿಸುತ್ತಿದ್ದೆ. ಚಾಕುವಿನಿಂದ ಎಷ್ಟು ಹೆರೆದರೂ ಅದು ದುಂಡಗಾಗುತ್ತಿರಲಿಲ್ಲ. ಬಾಗಿದ್ದನ್ನು ತಿದ್ದಬೇಕು, ಹೊಸದನ್ನು ಮಾಡಬೇಕು ಎಂದರೆ ಲೇತ್ ಬೇಕೇ ಬೇಕು. ಉಳಿಯನ್ನು ಒಂದೇ ಕಡೆ ಹಿಡಿದು ಮರವನ್ನು ತಿರುಗಿಸುವ ಯಂತ್ರ ಅದು. ಪುಸ್ತಕ ತರಿಸಿ ಓದಿ ಒಂದು ವಿಷಯ ಖಚಿತ ಮಾಡಿಕೊಂಡೆ. ಕ್ಯೂ ಕೋಲಿನ ಕೆಲಸಕ್ಕೆ ಲೇತ್ ಉದ್ದವಿರಬೇಕೆಂದಿಲ್ಲ. ತಿರುಗುವ ತಲೆಯಲ್ಲಿ ಈ ಬದಿಯಿಂದ ಆ ಬದಿಗೆ ತೂತಿದ್ದರೆ ಸಾಕು. ಕೋಲನ್ನು ಆ ತೂತಿನಲ್ಲಿ ತೂರಿಸಿ, ತುದಿಯಷ್ಟನ್ನೇ ಈಚೆ ಉಳಿಸಿಕೊಂಡು ಕೆತ್ತಬಹುದು. ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ ಎಂದುಕೊಂಡೆ.

ಆದರೆ ನಮ್ಮ ಮನೆಯಲ್ಲಿ ಆಯ್ಕೆ ಮಾಡುವವರು ಬೇರೆ ಇದ್ದರು. ಕಾಣಿಯೂರಿನಲ್ಲಿದ್ದ ನನ್ನ ಸೋದರಮಾವನಿಗೆ ಕೋಣಗಳ ಲಕ್ಷಣ ನೋಡುವುದರಲ್ಲಿ ಊರಿಗೇ ಹೆಸರು. ಸುಳಿ, ಬೆನ್ನು, ಗೊರಸು ನೋಡಿ ಅವರು ಹೂಂ ಎಂದರೆ ಹೂಂ. ಕ್ರಮೇಣ ದನ, ಎತ್ತು, ಆಮೇಲೆ ಮಂಚ, ಬೀರು, ಹೊಲಿಗೆ ಯಂತ್ರ ಎಲ್ಲವೂ ಅವರ ಕೈಕೆಳಗೆ ಬಂದವು. ನಾಲ್ಕು ಕಾಲಿನದು ಯಾವುದೂ ಅವರು ನೋಡದೆ ನಮ್ಮ ಅಂಗಳಕ್ಕೆ ಬರುವಂತಿಲ್ಲ. ಲೇತ್‌ಗೂ ನಾಲ್ಕು ಕಾಲಿದೆಯೆಂದು ನನ್ನ ಬಾಯಿಂದ ಹೊರಟದ್ದೇ ಅಮ್ಮ ಕಾಣಿಯೂರಿಗೆ ಹೇಳಿಕಳಿಸಿದರು.

ಮಾರಾಟಕ್ಕಿದ್ದವು ಎರಡು. ಒಂದು ಕೋಡಿಂಬಾಳದ ರಬ್ಬರ್ ತೋಟದ ಯಂತ್ರದ ಕೊಟ್ಟಿಗೆಯಲ್ಲಿ, ಇನ್ನೊಂದು ಸುಳ್ಯದಲ್ಲಿ ಮುಚ್ಚಿದ್ದ ಪೀಠೋಪಕರಣದ ಕಾರ್ಖಾನೆಯಲ್ಲಿ. ಮೊದಲು ಕೋಡಿಂಬಾಳಕ್ಕೆ ಹೋದೆವು. ಗಿಡ್ಡ ಯಂತ್ರ, ಕಾಲಲ್ಲಿ ತುಳಿಯುವಂಥದು, ತಲೆಯಲ್ಲಿ ಕೋಲಿನ ದಪ್ಪ ಭಾಗವೂ ಹೋಗುವಷ್ಟು ತೂತು. ಪುಸ್ತಕದಲ್ಲಿದ್ದ ಚಿತ್ರವೇ ಎದುರಿಗೆ ನಿಂತಿತ್ತು. ಮಾವ ಬೈರಾಸನ್ನು ಹೆಗಲಿಂದ ಸೊಂಟಕ್ಕೆ ಇಳಿಸಿ ಕಟ್ಟಿ, ಅದಕ್ಕೆ ಸುತ್ತು ಬಂದರು. ಬೆನ್ನಿಗೆ ತಟ್ಟಿದರು. ಕಾಲುಗಳ ನಡುವೆ ಬಗ್ಗಿ ನೋಡಿದರು. ಕೊನೆಗೆ ತೂತಿಗೆ ಕಣ್ಣಿಟ್ಟರು. ಆಚೆ ಕಡೆ ನಾನಿದ್ದೆ.

"ತಲೆಯಲ್ಲಿ ಇಷ್ಟು ದೊಡ್ಡ ತೂತು ಇಟ್ಟುಕೊಂಡು ಇದು ಎಷ್ಟು ದಿನ ಬದುಕುದು ಮಾರಾಯ?" ಎಂದರು.

"ಅದೇ ಅದರ ಗುಣ ಮಾವ. ಕೋಲು ಅದರ ಒಳಗಿಂದ ಹೋಗುದು."

"ಹೋಗಿ?"

"ಈಚೆ ಬರುದು."

"ಈಚೆ ಬರುದಕ್ಕೆ ಒಳಗೆ ಯಾಕೆ ಹೋಗಬೇಕು? ಹೊರಗಿಂದಲೇ ಬರಬಹುದಲ್ಲ."

ತೋಟದ ಮೇಲ್ವಿಚಾರಕರು ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ನಾನು ಪುಸ್ತಕದ ವಿವರಣೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಮಾವ ಪೂರ್ತಿ ಕೇಳಿದರು. ಕೇಳಿದ ಮೇಲೆ, ಬೆನ್ನು ಗಿಡ್ಡ, ಉದ್ದದ ಕೆಲಸಕ್ಕೆ ಆಗದು ಎಂದು ಕೊಡೆ ಎತ್ತಿಕೊಂಡು ಬಸ್ಸಿನ ದಾರಿ ಹಿಡಿದರು.

ಸುಳ್ಯದ್ದೂ ತುಳಿಯುವಂಥದೇ, ಆದರೆ ಉದ್ದದ ಯಂತ್ರ. ಆಳುದ್ದದ ಕೋಲು ಎರಡು ಕೊನೆಗಳ ನಡುವೆ ಸಲೀಸಾಗಿ ಕೂರುತ್ತಿತ್ತು. ತಲೆ ಮಾತ್ರ ಗಟ್ಟಿ ಕಬ್ಬಿಣ, ಎಲ್ಲೂ ತೂತಿಲ್ಲ. ಎರಕದ ಕಾಲುಗಳ ಬುಡದಲ್ಲಿ, ಯಾರ ಶೋಕಿಯೋ, ಹುಲಿಯ ಪಂಜ ಇತ್ತು. ಅದನ್ನು ಕಂಡದ್ದೇ ಮಾವನ ಮುಖ ಅರಳಿತು. ಒದೆಯುವುದು ಗಿದೆಯುವುದು ಉಂಟೋ ಎಂದು ಮಾಲಿಕರನ್ನು ಕೇಳಿದರು. ಮಾಲಿಕರು ಸುಳ್ಯದ ಗೌಡರ ಮನೆಯವರು, ಗದ್ದೆ ತೋಟ ಎಲ್ಲ ನೋಡಿದವರು. ಬಂದವರು ಯಾರೆಂದು ಒಂದೇ ಮಾತಿನಲ್ಲಿ ತಿಳಿದುಕೊಂಡರು. ಬೆಳಿಗ್ಗೆ ಬಲಗಾಲು ಸ್ವಲ್ಪ ಬಿಗಿ, ಎಣ್ಣೆ ಕೊಟ್ಟರೆ ಆಮೇಲೆ ದಿನವಿಡೀ ತಕರಾರಿಲ್ಲ ಎಂದು ಗಂಭೀರವಾಗಿ ಹೇಳಿದರು. ಮಾವ ಹೂಂ ಎಂದರು.

ನಾನು ಒಪ್ಪಿದ್ದು ಯಾಕೆ ಎಂದು ಕೇಳುವವರು ಅಂಥ ಮನೆಯಲ್ಲಿ ಬೆಳೆದವರಲ್ಲ. ಮಾವನ ಮಾತು ಮೀರಿ ಗಿಡ್ಡದ್ದನ್ನು ತಂದಿದ್ದರೆ ಮುಂದೆ ಬರುವ ಎಲ್ಲ ಕೇಡಿಗೂ ಆ ತೂತೇ ಕಾರಣವಾಗುತ್ತಿತ್ತು, ಅಮ್ಮನ ಮಂಡಿನೋವಿಗೂ.

ಮರದ ಲಾರಿಯೊಂದರಲ್ಲಿ ಲೇತ್ ಕೆದಂಬಾಡಿಗೆ ಬಂತು. ಇಡಲು ಜಾಗ ಸಿಕ್ಕಿದ್ದು ಹಟ್ಟಿಯಲ್ಲಿ, ದನಗಳ ಪಕ್ಕ ಖಾಲಿಯಿದ್ದ ಅಂಕಣದಲ್ಲಿ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇದರ ಹಾಲು ಕರೆಯುದು ನಾನಾ, ನೀವಾ?" ಎಂದು ಕೇಳಿ ಒಳಗೆ ಹೋದಳು.

ಕೋಲಿಗೆ ತಡಸಲು ಮರ ಆರಿಸಿದ್ದೆ. ಹಾರೆ, ಕೊಡಲಿಗಳ ಕಾವಿಗೆ ನಮ್ಮಲ್ಲಿ ಅದನ್ನೇ ಬಳಸುತ್ತಾರೆ. ಬಾಗಿಸಿದರೆ ಬಾಗಿ ಮತ್ತೆ ನೆಟ್ಟಗಾಗುವ ಮರ. ಒಂದು ಕೋಲನ್ನು ಎರಡು ಕೊನೆಗಳಿಗೆ ಸಿಕ್ಕಿಸಿ ತುಳಿದೆ. ವೇಗ ಬಂದಂತೆ ಕೋಲಿನ ನಡು ಹುಡುಗಿಯರು ಹಾರುವ ಹಗ್ಗದ ಹಾಗೆ ಸುತ್ತತೊಡಗಿತು. ಉಳಿ ತಾಗಿಸಿದರೆ ಉಳಿ ಹಾರಿತು. ದನಗಳು ಹಗ್ಗ ಜಗ್ಗಿದವು. ಅದಕ್ಕಿಂತ ಮುಖ್ಯ, ಚರ್ಮ ಕೂರಿಸಬೇಕಾದ ತುದಿ, ಕೋಲಿನ ಆ ಕೊನೆಯನ್ನು ಒತ್ತಿಹಿಡಿಯುವ ಯಂತ್ರದ ಬಾಲದ ಮೊಳೆಗೆ ಸಿಕ್ಕಿಕೊಂಡಿತ್ತು. ನಾನು ಕೆಲಸ ಮಾಡಬೇಕಾದ ಜಾಗ ಯಾವುದೋ ಅದೊಂದನ್ನೇ ಈ ಯಂತ್ರ ಮುಚ್ಚಿಹಿಡಿಯುತ್ತಿತ್ತು.

ಸುದ್ದಿ ಹೋಗಿ ಮಾವ ಬಂದರು. ಕೋಡಿಂಬಾಳದ ಮಾತು ಎತ್ತಬೇಕೆಂದು ನಾನು ಸಿದ್ಧನಾಗಿದ್ದೆ. ಅವರು ನನ್ನನ್ನು ತುಳಿಯಲು ಹೇಳಿ, ಕೋಲು ಕುಣಿಯುವುದನ್ನು ಎಲೆ ಅಡಿಕೆ ಮೆಲ್ಲುತ್ತ ನೋಡಿದರು.

"ಯಂತ್ರದ ದೋಷ ಅಲ್ಲ. ಕೋಲು ಹೆದರಿದೆ" ಎಂದರು. "ಹೊಸ ಕೋಣಕ್ಕೆ ಮದ್ದು ಕುಡಿಸುವಾಗ ಎಂತ ಮಾಡುದು? ಎರಡು ಕಂಬದ ನಡುವೆ ನಿಲ್ಲಿಸಿ ಕಟ್ಟುದು. ಬಾಲ ಯಾರಾದರೂ ಹಿಡಿಯುದುಂಟಾ? ಆ ಬಾಲ ತೆಗೆ."

ಬೇರೆ ದಾರಿ ತೋಚದೆ ಹಾಗೆಯೇ ಮಾಡಿದೆ. ಯಂತ್ರದ ಬಾಲ ಕಳಚಿದೆ. ಹಲಸಿನ ಮರದ ಎರಡು ಗಿಡ್ಡ ಕಂಬ ಮಾಡಿ, ಮೇಲ್ಭಾಗದಲ್ಲಿ ತೂತು ಕೊರೆದು, ಒಳಗೆ ಎಣ್ಣೆ ಹಚ್ಚಿದ ಚರ್ಮ ಸುತ್ತಿ, ಉದ್ದದ ಬೆನ್ನಿನ ಮೇಲೆ ಅವನ್ನು ಬಿಗಿದೆ. ಕೋಲಿನ ಬುಡ ಯಂತ್ರದ ತಲೆಯಲ್ಲಿ, ನಡು ಕಂಬಗಳ ತೂತಿನಲ್ಲಿ, ತುದಿ ಆಚೆ ಬಯಲಿನಲ್ಲಿ. ತುಳಿದೆ. ಕೋಲು ನಿಂತಲ್ಲೇ ತಿರುಗಿತು. ಬೆನ್ನು ಉದ್ದವಿದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಮಾವ ಹೇಳುವ ಮೊದಲು ನಾನು ಕೋಡಿಂಬಾಳದ ಲೇತ್‌ನಲ್ಲಿದ್ದದ್ದೂ ಇಂಥ ತೂತೇ ಎಂದು ನೆನಪಿಸಿದೆ.

"ಅದು ತಲೆಯ ತೂತು. ಇದು ಕಂಬದ್ದು" ಎಂದರು ಮಾವ. ಊಟ ಮಾಡಿ ಹೋದರು.

ಕೆಲಸಕ್ಕೆ ನಾನು ಬೆಳಗಿನ ಹೊತ್ತು ಗೊತ್ತು ಮಾಡಿಕೊಂಡೆ. ದನ ಕರೆದಾದ ಮೇಲೆ, ತೋಟಕ್ಕೆ ಆಳುಗಳು ಬರುವ ಮೊದಲು. ಅವಸರ ಮಾಡಿದರೆ ಮರ ಸೇಡು ತೀರಿಸುತ್ತದೆ. ಒಂದು ಪದರ ಕೆತ್ತುವುದು, ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಿಂದ ನೇತುಹಾಕುವುದು, ಹೊಗೆಯಲ್ಲಿ ಒಣಗಿ ಅದು ಬಾಗುವಷ್ಟು ಬಾಗಿದ ಮೇಲೆ ಇಳಿಸಿ ಮತ್ತೊಂದು ಪದರ ಕೆತ್ತುವುದು. ಅಡಿಗೆಮನೆಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿ ಬಂದ ನನ್ನ ಹೆಂಡತಿ, ಕ್ಲಬ್ಬಿನ ಎಲ್ಲ ಸದಸ್ಯರನ್ನೂ ಅವರ ಕೋಲಿನ ಜೊತೆಗೇ ಅಲ್ಲಿ ನೇತುಹಾಕಬಹುದೆಂದು ಸೂಚಿಸಿದಳು. ತುದಿಗೆ ಲೋಹದ ಬಳೆಯ ಬದಲು ಕೋಣನ ಕೊಂಬನ್ನು ದುಂಡಗೆ ಕೆತ್ತಿ ಕೂರಿಸಿದೆ. ಕೊಂಬು ಕಾಣಿಯೂರಿನಿಂದ ಬಂತು, ಅದರ ಹಿಂದಿನ ಮಾಲಿಕನ ಪೂರ್ತಿ ಚರಿತ್ರೆಯ ಸಮೇತ.

ಮಹಾಸಭೆಗೆ ಮೊದಲೇ ಆರು ಕೋಲು ಸಿದ್ಧವಾದವು. ನಾಲ್ಕು ಹಳೆಯವನ್ನು ಕೆತ್ತಿ ತಿದ್ದಿದ್ದು, ಎರಡು ಹೊಸದು. ಕ್ಲಬ್ಬಿನಲ್ಲಿ ಒಂದೊಂದನ್ನೂ ಮೇಜಿನ ಮೇಲೆ ಉರುಳಿಸಿ ತೋರಿಸಿದೆ. ಒಂದೂ ನಡುಗಲಿಲ್ಲ. ಸದಸ್ಯರು ಚಪ್ಪಾಳೆ ತಟ್ಟಿದರು. ಮೇಜು ಉಳಿಯಿತೆಂದು ನಾನು ನಂಬಿದೆ.

ವಕೀಲರು ಹೊಸ ಕೋಲು ಹಿಡಿದು ನಮ್ಮ ಊರಿನ ವೈದ್ಯರೊಬ್ಬರ ಜೊತೆ ಆಡಿದರು. ಸೋತರು. ಅಭ್ಯಾಸಬಲದಿಂದ ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕಿಟಕಿಯ ಕಡೆ ಹಿಡಿದರು. ಬಹಳ ಹೊತ್ತು ನೋಡಿದರು. ಎಲ್ಲರೂ ಕಾದೆವು.

"ನೆಟ್ಟಗೆ ಉಂಟಲ್ಲ ವಕೀಲ್ರೆ?" ಎಂದು ವೈದ್ಯರು ಮೃದುವಾಗಿ ಕೇಳಿದರು.

ವಕೀಲರು ಕೋಲನ್ನು ಅದರ ಜಾಗದಲ್ಲಿಟ್ಟು ಇಸ್ಪೀಟಿನ ಕೋಣೆಗೆ ಹೋದರು. ಮತ್ತೆ ಆ ಮೇಜಿನ ಬಳಿ ಬರಲಿಲ್ಲ. ಅಡಿಕೆ ವ್ಯಾಪಾರಿಗಳೊಬ್ಬರು ಸೋತು ದೀಪದ ಬೆಳಕನ್ನು ದೂರಿದರು; ದೀಪ ಬದಲಾಯಿಸಿದೆವು; ಅವರೂ ಬರುವುದು ನಿಂತಿತು. ಗೆಲ್ಲುತ್ತಿದ್ದ ವೈದ್ಯರಿಗೆ ಎದುರಾಳಿಗಳಿಲ್ಲದೆ ಬೇಸರ ಬಂದು, ಅವರೂ ಇಸ್ಪೀಟಿಗೆ ಕುಳಿತರು. ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂತು ಎನ್ನಲು ಯಾರ ಅಡ್ಡಿಯೂ ಇರಲಿಲ್ಲ. ಅಲ್ಲಿ ಅಂಥ ಅನುಕೂಲ ಇರುವುದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಬುಧವಾರ, ಶನಿವಾರ ನಾನೊಬ್ಬನೇ ನೆಟ್ಟಗಿನ ಕೋಲು ಹಿಡಿದು, ನಿಯಮ ತಪ್ಪದೆ, ನನ್ನ ಜೊತೆಯೇ ಎರಡು ಆಟ ಆಡಿ ಬರುತ್ತಿದ್ದೆ.

ಮಹಾಸಭೆಯಲ್ಲಿ ವಕೀಲರು ನನ್ನ ಕೈಕೆಲಸವನ್ನು ಮನಸಾರೆ ಹೊಗಳಿದರು. ಇಂಥ ಕೋಲು ಮಂಗಳೂರಿನಲ್ಲೂ ಇಲ್ಲ ಎಂದರು. ಆಮೇಲೆ, ಕೋಲಿನ ಕೊರತೆ ನೀಗಿದೆ, ಈಗ ಇರುವುದು ಆಟಗಾರರ ಕೊರತೆ, ಅದನ್ನು ಲೇತ್‌ನಲ್ಲಿ ಕೆತ್ತಲಾಗುವುದಿಲ್ಲ ಎಂದು ಮಾರಾಟದ ಪ್ರಸ್ತಾಪ ಮಂಡಿಸಿದರು. ನಿರ್ಣಯದ ಭಾಷೆಯಲ್ಲಿ ಅವರು ತಪ್ಪಿರಲಿಲ್ಲ. ಮರುಪರಿಶೀಲನೆ ಎಂದು ಬರೆದಿತ್ತೇ ಹೊರತು ಉಳಿಸುವುದೆಂದು ಬರೆದಿರಲಿಲ್ಲ. ನನ್ನ ಕೈಯೊಂದನ್ನು ಬಿಟ್ಟು ಉಳಿದೆಲ್ಲ ಕೈಗಳೂ ಮೇಲೆದ್ದವು.

ಗಿರಾಕಿ ಬೇಗ ಸಿಕ್ಕಿದರು. ಮಡಿಕೇರಿಯ ಕಡೆಯ ತೋಟದ ಮಾಲಿಕರು. ಮೇಜಿಗೆ ಒಂದು ಸುತ್ತು ಬಂದು ಬಾಗಿಲ ಕಡೆ ತಿರುಗಿದವರು, ಕೋಲುಗಳನ್ನು ಉರುಳಿಸಿ ನೋಡಿದ ಕೂಡಲೇ ವ್ಯಾಪಾರ ಮುಗಿಸಿದರು. ಕೋಲಿಲ್ಲದಿದ್ದರೆ ತಾನು ತೆಗೆದುಕೊಳ್ಳುತ್ತಿರಲಿಲ್ಲ ಎಂದು ಹೋಗುವಾಗ ನನ್ನ ಕೈ ಕುಲುಕಿದರು.

ಮೇಜನ್ನು ಬಿಚ್ಚಿ ಸಾಗಿಸುವ ದಿನ ಬೆಳಿಗ್ಗೆಯೇ ಹೋದೆ. ಕಲ್ಲಿನ ಚಪ್ಪಡಿಗಳು ಹುಲ್ಲಿನ ಮೇಲೆ ಮಲಗಿದವು. ಆರು ಕೋಲುಗಳನ್ನು ಹಳೆಯ ಕಂಬಳಿಯಲ್ಲಿ ಒಟ್ಟಿಗೆ ಸುತ್ತಿ, ಮೂರು ಕಡೆ ಕಟ್ಟಿ, ಲಾರಿ ಡ್ರೈವರನ ಕೈಗೆ ಕೊಟ್ಟೆ. ಘಟ್ಟ ಹತ್ತುವವರೆಗೂ ಇವು ಅಡ್ಡಕ್ಕೆ ಮಲಗಿಯೇ ಇರಬೇಕು, ಯಾವ ಕಾರಣಕ್ಕೂ ಒರಗಿಸಿಡಬಾರದು, ಒರಗಿಸಿಟ್ಟರೆ ತೂಕಕ್ಕೆ ಬಾಗುತ್ತವೆ ಎಂದು ವಿವರವಾಗಿ ಹೇಳಿದೆ. ಅವನು ಪ್ರತಿ ಮಾತಿಗೂ ಹೂಂಗುಟ್ಟಿದ. ಬಹಳ ಮರ್ಯಾದೆಯವನು. ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕ್ಯಾಬಿನ್ನಿನ ಮೂಲೆಗೆ ಒರಗಿಸಿಟ್ಟು, ಲಾರಿ ಹೊರಡಿಸಿದ.