ರಸ್ತೆಗೆ ಅಡ್ಡ ಮಲಗಿಸಿದ ಸೈಕಲ್

ಸೀಟಿನ ಕೆಳಗೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಬರೆದ ಕುಂಚದ ಒಂದು ಎಳೆ ಕೂದಲು ಅಂಕಿಗೇ ಅಂಟಿಕೊಂಡು ಒಣಗಿತ್ತು.

ವಿರಾಜಪೇಟೆಯ ಬಾಡಿಗೆ ಅಂಗಡಿಯಲ್ಲಿ ಹೆಂಗಸರ ಸೈಕಲ್ ಎಂದು ಇದ್ದದ್ದು ಅದೊಂದೇ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ನನಗೆ ಕೇರಳದತ್ತ ಹೋಗುವ ಮಾಕುಟ್ಟದ ದಾರಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಬಸ್ಸಿತ್ತು; ಸಂಜೆಯದು ಕತ್ತಲಾದ ಮೇಲೆ ಬರುತ್ತಿತ್ತು. ಹಾಗಾಗಿ ನಾನೂ ಹೆಡ್‌ಮಾಸ್ತರರೂ ಬೆಳಿಗ್ಗೆ ಸೈಕಲ್ ಒಯ್ದು ಸಂಜೆ ಒಪ್ಪಿಸುತ್ತಿದ್ದೆವು. ಆ ದಾರಿಯ ಸೈಕಲ್ಲುಗಳೆಲ್ಲ ಬಹುಮಟ್ಟಿಗೆ ಅದೇ ಅಂಗಡಿಯವು. ಭಾನುವಾರ ನನ್ನದನ್ನು ಆಸ್ಪತ್ರೆಯ ನರ್ಸ್ ತುಳಿಯುತ್ತಿದ್ದಳು.

ಅಂಗಡಿಯ ಯಜಮಾನ ಕಾಕ ಮೊದಲ ದಿನವೇ ಹೇಳಿದ್ದರು: "ಟೀಚರೇ, ಆನೆ ಕಂಡ್ರೆ ಸೈಕಲ್ಲನ್ನ ರೋಡಿಗೆ ಅಡ್ಡ ಮಲಗಿಸಿ ನೀವು ಕಾಫಿ ತೋಟ ಹತ್ತಿಬಿಡಿ. ಹಿಂದೆ ಬರುವವ್ರಿಗೆ ಗೊತ್ತಾಗ್ತದೆ. ಅದ್ರ ಮೇಲೆ ಲಾರಿ ಹತ್ತಿದ್ರೂ ನಾನು ಕೇಳುದಿಲ್ಲ. ಸೈಕಲ್ ಇನ್ನೊಂದು ತರ್ಬಹುದು. ಇನ್ನೊಬ್ರು ಟೀಚರ್ ಬೇಕಂದ್ರೆ ಮೈಸೂರು ಸರ್ಕಾರ ಕಳಿಸುವಾಗ ಮಕ್ಕಳಿಗೆ ಮೀಸೆ ಬರ್ತದೆ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅಂದಿನಿಂದ ದಾರಿಯುದ್ದಕ್ಕೂ ಆನೆ ನಿಂತಿದೆಯೇ ಎಂದು ಬಿದಿರ ಮೆಳೆಗಳನ್ನೇ ನೋಡುತ್ತಿದ್ದೆ.

ಆನೆ ಕಂಡದ್ದು ಒಂದು ಶುಕ್ರವಾರ, ಶಾಲೆ ಬಿಟ್ಟು ಬರುವಾಗ. ಇಳಿಜಾರು ಮುಗಿಯುವ ತಿರುವಿನಲ್ಲಿ ಮೊದಲು ಕಂಡದ್ದು ಒಂದು ಕಿವಿ. ಬಿದಿರಿನ ಹಿಂದೆ ಅದು ಅಲುಗುವುದು ನಿಂತಾಗ ಆನೆಗೆ ನಾನು ಕಂಡುಬಿಟ್ಟೆ ಎಂದು ನನಗೆ ತಿಳಿಯಿತು. ಸದ್ದಾಗದಂತೆ ಇಳಿದು, ಸೈಕಲ್ಲನ್ನು ರಸ್ತೆಗೆ ಅಡ್ಡ ಮಲಗಿಸಿ, ದಿಣ್ಣೆ ಹತ್ತಿ ಕಾಫಿ ಗಿಡಗಳ ನಡುವೆ ಕುಳಿತೆ. ಹೆಡ್‌ಮಾಸ್ತರರು ಶಾಲೆಗೆ ಬೀಗ ಹಾಕಿ ನನ್ನ ಹಿಂದೆಯೇ ಹೊರಡುವವರು. ಸೈಕಲ್ ಕಂಡರೆ ನಿಲ್ಲುತ್ತಾರೆ ಎಂಬ ಧೈರ್ಯವಿತ್ತು.

ಅಷ್ಟರಲ್ಲಿ ಕೇರಳದ ಕಡೆಯಿಂದ ಲಾರಿಯೊಂದು ಬಂದು ಸೈಕಲ್ಲಿನ ಮುಂದೆ ನಿಂತಿತು. ಕ್ಲೀನರ್ ಇಳಿದು ಸುತ್ತ ನೋಡಿದ. ನಾನು ಕೂಗಿದೆ, ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಈ ದಾರಿಗೆ ಹೊಸಬನಿರಬೇಕು. ಸೈಕಲ್ಲನ್ನು ಎತ್ತಿ, ಜೋಪಾನವಾಗಿ ಮರಕ್ಕೆ ಒರಗಿಸಿ, ಲಾರಿ ಹತ್ತಿದ. ಲಾರಿಯ ಸದ್ದಿಗೆ ಆನೆ ಹಿಂದೆ ಸರಿಯಿತು. ಸದ್ದು ದೂರವಾದ ಮೇಲೆ ಹೊರಗೆ ಬಂದು ರಸ್ತೆಯಲ್ಲೇ ನಿಂತಿತು.

ಮೇಲಿನಿಂದ ಬೆಲ್ ಕೇಳಿಸಿತು. ಹೆಡ್‌ಮಾಸ್ತರರಿಗೆ ಕಿವಿ ಮಂದ, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಗಾಳಿಗೆ ಬಿಟ್ಟುಕೊಂಡು ಬರುವ ಅಭ್ಯಾಸ. ತಿರುವು ದಾಟಿದರೆ ನೇರ ಆನೆಯ ಕಾಲಿಗೇ.

ದಿಣ್ಣೆಯಿಂದ ಹೇಗೆ ಇಳಿದೆನೋ ನೆನಪಿಲ್ಲ. ತಿರುವಿಗೆ ಸ್ವಲ್ಪ ಮೇಲೆ, ರಸ್ತೆಯ ನಡುವೆ, ಆನೆಗೆ ಬೆನ್ನು ಮಾಡಿ ನಿಂತೆ. ಹಿಂದೆ ಏನಾಗುತ್ತಿದೆ ಎಂದು ತಿರುಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ. ಬೆನ್ನಿನ ಚರ್ಮವೆಲ್ಲ ಕಿವಿಯಾಗಿತ್ತು.

ಬ್ರೇಕ್ ಕಿರ್ರೆಂದಿತು. ಅವರ ಮುಂದಿನ ಚಕ್ರ ನನ್ನ ಸೀರೆಯ ನೆರಿಗೆಗೆ ತಾಗಿ ನಿಂತಿತು.

"ಎಂಥದಮ್ಮ ಇದು! ಸಾಯ್ಬೇಕಂತ ಉಂಟಾ? ರೋಡ್ ಮಧ್ಯೆ ಕಂಬದ ಹಾಗೆ..."

ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದೆ. ಅವರು ನನ್ನ ಹೆಗಲ ಮೇಲಿಂದ ನೋಡಿದರು. ತಮ್ಮ ಸೈಕಲ್ಲನ್ನು ಮಲಗಿಸಿದರು, ನನ್ನ ತೋಳು ಹಿಡಿದರು. ಇಬ್ಬರೂ ತೋಟದೊಳಗೆ ನಡೆದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮನೆ ಸೇರಿದೆವು. ರೈಟರ್ ಹೆಂಡತಿ ಕಾಫಿ ಕೊಟ್ಟಳು. ಕೊನೆಗೆ ಎಸ್ಟೇಟಿನ ಜೀಪು ನಮ್ಮನ್ನು ಊರಿಗೆ ಬಿಟ್ಟಿತು; ಸೈಕಲ್ಲುಗಳು ದಾರಿಯಲ್ಲೇ ಉಳಿದವು.

ಮನೆಯಲ್ಲಿ ಏನೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಅಂದಿಗೇ ಮುಗಿಯುತ್ತಿತ್ತು.

ಮರುದಿನ ಶನಿವಾರ, ಬೆಳಗಿನ ಶಾಲೆ. ಬಸ್ಸಿಗೆ ಹೋದೆ. "ಏನ್ ಟೀಚರೇ, ಸೈಕಲ್ಲಿಗೆ ರಜವಾ?" ಎಂದ ಕಂಡಕ್ಟರ್. ಪಂಕ್ಚರ್ ಎಂದೆ. ಬಿದಿರು ಕಾಣದ ಬದಿಯ ಸೀಟು ಹುಡುಕಿ ಕುಳಿತು, ತಿರುವು ದಾಟುವವರೆಗೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದೆ.