ಪಾಲು ಹಾಕುವವನ ಸರದಿ

ಮಳೆಯಿಲ್ಲದ ದಿನ ಕೊಡೆ ಹಿಡಿದು ಬರುವವರನ್ನು ನನ್ನ ಅಮ್ಮ ನಂಬುತ್ತಿರಲಿಲ್ಲ. ಬ್ರಿಟಿಷರ ಕಾಲ, ಊರಲ್ಲಿ ಹೊಸ ಕಂಪೆನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದವು. ಬಂದರಿನ ಹತ್ತಿರದ ನಮ್ಮ ಜಗಲಿಗೆ ಹಾಗೆ ಕೊಡೆ ಹಿಡಿದು ಬಂದವನು ಷೇರು ಮಾರುವ ಏಜೆಂಟ. ಅವನು ಮಾತಾಡುತ್ತಿದ್ದರೆ ಅಮ್ಮ, ಹಳತೋ ಹೊಸತೋ ಎಂದು ಮೀನಿನ ಕಿವಿರು ಬಿಡಿಸಿ ನೋಡುವಂತೆ, ಅವನ ಮುಖವನ್ನೇ ನೋಡುತ್ತಿದ್ದಳು.

"ಷೇರು ಅಂದ್ರೆ ಎಂತ?"

"ಪಾಲು ಅಕ್ಕ. ನಿಮ್ಮ ದೋಣಿಯವರು ಮೀನು ಹಂಚಿಕೊಳ್ತಾರಲ್ಲ, ಹಾಗೇ. ಲಾಭದಲ್ಲಿ ನಿಮಗೆ ಬರುವ ಪಾಲಿಗೆ ಡಿವಿಡೆಂಡು ಅಂತ ಹೆಸರು."

ಅಷ್ಟು ಹೇಳಿ ಅವನು ಗೆದ್ದೆನೆಂದುಕೊಂಡ. ಸಿಕ್ಕಿಬಿದ್ದದ್ದೇ ಅಲ್ಲಿ. ನಮ್ಮವರಲ್ಲಿ ಮೀನನ್ನು ಪಾಲು ಹಾಕಿದವನು, ಉಳಿದವರೆಲ್ಲ ತಮ್ಮ ತಮ್ಮ ರಾಶಿ ಎತ್ತಿಕೊಂಡ ಮೇಲೆ, ಕೊನೆಯದನ್ನು ತೆಗೆದುಕೊಳ್ಳಬೇಕು. ಹಾಗಿದ್ದರೆ ಮಾತ್ರ ರಾಶಿಗಳಲ್ಲಿ ಹೆಚ್ಚುಕಡಿಮೆ ಆಗುವುದಿಲ್ಲ.

"ನಿಮ್ಮಲ್ಲಿ ಪಾಲು ಹಾಕುವುದು ಯಾರು?" ಅಮ್ಮ ಕೇಳಿದಳು.

"ಡೈರೆಕ್ಟರರು."

"ಅವರು ತೆಗೊಳ್ಳುವುದು ಕೊನೆಗಾ?"

"ಛೆ, ಅವರ ಸಂಬಳ ಮೊದಲೇ ಹೋಗ್ತದೆ. ಉಳಿದದ್ದು ಲಾಭ."

ಅಮ್ಮ ಎದ್ದು, ಮೂಲೆಯಲ್ಲಿದ್ದ ಅವನ ಕೊಡೆಯನ್ನು ತಂದು ಕೈಗೆ ಕೊಟ್ಟಳು.

"ಬಿಸಿಲು ಉಂಟು ಮಾರಾಯ್ರೇ, ಹುಷಾರಾಗಿ ಹೋಗಿ."