ಹೋಳಿಗೆ ಡಬಲ್, ಲಾಭ ಮಾಯ

ಕಳೆದ ತಿಂಗಳು ಚಂದಾಪುರದಲ್ಲಿ ಒಬ್ಬ ಮ್ಯಾನೇಜರನ ಲ್ಯಾಪ್‌ಟಾಪನ್ನು ನಾನೇ ಕೈಯಾರೆ ಮುಚ್ಚಿದೆ. ಅವನಿನ್ನೂ ಮಾತಾಡುತ್ತಲೇ ಇದ್ದ. ತಪ್ಪು ಎನ್ನುತ್ತೀರಾ? ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನನ್ನ ತಂಗಿ ಶೈಲಾ ಗಾರ್ಮೆಂಟ್ಸ್ ಕೆಲಸ ಬಿಟ್ಟು ಅಲ್ಲೊಂದು ಹೋಳಿಗೆ ಅಂಗಡಿ ಇಟ್ಟಿದ್ದಾಳೆ. ದಿನಕ್ಕೆ ನೂರು ಹೋಳಿಗೆ, ಒಂದಕ್ಕೆ ಇಪ್ಪತ್ತೈದು ರೂಪಾಯಿ. ಬೇಳೆ, ಬೆಲ್ಲ, ತುಪ್ಪ, ಗ್ಯಾಸು ಸೇರಿ ಹದಿನೈದು ಖರ್ಚು. ಉಳಿಯುತ್ತಿದ್ದ ಸಾವಿರದಲ್ಲೇ ಬಾಡಿಗೆ, ಅದರಲ್ಲೇ ಮನೆ. ನೆಮ್ಮದಿಯಾಗಿದ್ದಳು.

ಅಲ್ಲಿಗೆ ತಿಂಡಿ ಡೆಲಿವರಿ ಮಾಡುವ ಆ್ಯಪೊಂದರ ಮ್ಯಾನೇಜರ್ ಬಂದ. (ಹೆಸರು ಬೇಡ. ಎಲ್ಲ ಆ್ಯಪಿನವರೂ ಒಪ್ಪಿಸುವುದು ಅದೇ ಪಾಠ.) "ಮೇಡಂ, ರೇಟ್ ಇಪ್ಪತ್ತಕ್ಕೆ ಇಳಿಸಿ. ಎಲೆಕ್ಟ್ರಾನಿಕ್ ಸಿಟಿ ಪೂರ್ತಿ ನಿಮ್ದೇ. ವಾಲ್ಯೂಮ್ ಬಂದ್ರೆ ಪ್ರಾಫಿಟ್ ತಾನಾಗೇ ಬರತ್ತೆ" ಎಂದ. ಶೈಲಾ ನಂಬಿದಳು.

ಆರ್ಡರ್ ಬಂದಿದ್ದೇನೋ ನಿಜ. ನೂರು ಇನ್ನೂರಾಯಿತು. ಒಬ್ಬಳ ಕೈ ಸಾಲದೆ, ಯಾದಗಿರಿ ಕಡೆಯಿಂದ ಬಂದು ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದ ರೇಣುಕಾಳನ್ನು ಕೆಲಸಕ್ಕೆ ಇಟ್ಟುಕೊಂಡಳು.

ಕಳೆದ ತಿಂಗಳು ಒಂದು ಭಾನುವಾರ ನಾನು ಹೋದಾಗ ತಂಗಿಯ ಮಣಿಕಟ್ಟಿಗೆ ಬ್ಯಾಂಡೇಜ್. "ವ್ಯಾಪಾರ ಡಬಲ್ ಕಣೇ ಅಕ್ಕಾ, ಆದ್ರೆ ಬಾಡಿಗೆ ಕಟ್ಟೋಕೇ ಆಗ್ತಿಲ್ಲ. ನಾನೇ ದಡ್ಡಿ ಅನ್ಸತ್ತೆ" ಎಂದು ಅತ್ತುಬಿಟ್ಟಳು.

ದಡ್ಡಿಯಂತೆ! ನನಗೆ ಮೈಯೆಲ್ಲ ಉರಿಯಿತು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಇಪ್ಪತ್ತರಲ್ಲಿ ಆ್ಯಪ್ ಕಮಿಷನ್ ನಾಲ್ಕು ಹೋದರೆ ಸಿಗುವುದು ಹದಿನಾರು. ಹೆಚ್ಚಿನ ನೂರು ಹೋಳಿಗೆಗೆ ಆ ಹದಿನೈದರ ಮೇಲೆ ರೇಣುಕಾಳ ಕೂಲಿ, ಡಬ್ಬಿ ಎಲ್ಲ ಸೇರಿ ಒಂದೊಂದಕ್ಕೆ ಖರ್ಚು ಇಪ್ಪತ್ತು. ಅಂದರೆ ಪ್ರತಿ ಹೋಳಿಗೆಗೂ ನಾಲ್ಕು ರೂಪಾಯಿ ಕೈಯಿಂದ ಕೊಟ್ಟು ಎಲೆಕ್ಟ್ರಾನಿಕ್ ಸಿಟಿಗೆ ಸಿಹಿ ಹಂಚುತ್ತಿದ್ದಾಳೆ ನನ್ನ ತಂಗಿ!

ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದಳು. ಅಂಗಡಿಗೇ ಬರುವ ಹಳೇ ಗಿರಾಕಿಗಳು ಮೊಬೈಲ್ ಹಿಡಿದು ನಿಂತರು: "ಆ್ಯಪಲ್ಲಿ ಇಪ್ಪತ್ತು, ಇಲ್ಯಾಕಕ್ಕ ಇಪ್ಪತ್ತೈದು?" ಅವರಿಗೂ ಇಳಿಸಿದಳು. ಅಲ್ಲಿ ಉಳಿಯುತ್ತಿದ್ದ ಸಾವಿರ ರೂಪಾಯಿ ಐನೂರಕ್ಕೆ ಇಳಿಯಿತು. ಆ್ಯಪಿನ ನಾನೂರು ನಷ್ಟ ಕಳೆದರೆ, ದಿನವಿಡೀ ಬೆಂಕಿ ಮುಂದೆ ನಿಂತಿದ್ದಕ್ಕೆ ಬರೀ ನೂರು ರೂಪಾಯಿ.

ಎಕನಾಮಿಕ್ಸ್‌ನಲ್ಲಿ ಇದಕ್ಕೆ ಮಾರ್ಜಿನಲ್ ರೆವೆನ್ಯೂ, ಮಾರ್ಜಿನಲ್ ಕಾಸ್ಟ್ ಎನ್ನುತ್ತಾರೆ. ಇನ್ನೊಂದು ಮಾರಿದರೆ ಎಷ್ಟು ಬರುತ್ತದೆ? ಇನ್ನೊಂದು ಮಾಡಲು ಎಷ್ಟು ಹೋಗುತ್ತದೆ? ಬರುವುದಕ್ಕಿಂತ ಹೋಗುವುದು ಜಾಸ್ತಿಯಾಯಿತೋ, ಕೈ ನಿಲ್ಲಿಸಬೇಕು. ಪಿಯುಸಿಯಲ್ಲೇ ಹೇಳಿಕೊಡುವ ಪಾಠ. ಎಂಬಿಎ ಮಾಡಿದ ಆ ಮ್ಯಾನೇಜರನಿಗೆ ಗೊತ್ತಿರಲಿಲ್ಲವೇ?

ಅವನನ್ನೇ ಕೇಳುವ ಯೋಗ ಬಂತು. ಹಬ್ಬದ ಆಫರ್, ರೇಟ್ ಹದಿನೆಂಟಕ್ಕೆ ಇಳಿಸಿ ಎನ್ನಲು ಅದೇ ಹೊತ್ತಿಗೆ ಅಂಗಡಿಗೆ ಬಂದವನು ಲ್ಯಾಪ್‌ಟಾಪ್ ತೆರೆದುಕೊಂಡು ಕೂತ.

"ಇನ್ನೊಂದು ಹೋಳಿಗೆ ಮಾರಿದ್ರೆ ಇವಳಿಗೇನ್ರೀ ಉಳಿಯತ್ತೆ?" ಎಂದೆ.

"ಅದು ಅವ್ರು ನೋಡ್ಕೋಬೇಕು ಮೇಡಂ. ನಮ್ಗೆ ಆರ್ಡರ್ ಎಷ್ಟು ಅನ್ನೋದಷ್ಟೇ ಟಾರ್ಗೆಟ್" ಎಂದ. ಮುಖದಲ್ಲಿ ಒಂದಿಷ್ಟು ಸಂಕೋಚವೂ ಇಲ್ಲ.

ಲ್ಯಾಪ್‌ಟಾಪ್ ಮುಚ್ಚಿದ್ದು ಆಗಲೇ. ಈಗ ಬೈಯುತ್ತೀರಾ?

ಶೈಲಾ ಅವತ್ತೇ ಆ್ಯಪ್ ಬಿಟ್ಟಳು. ಧೈರ್ಯ ಮಾಡಿ ರೇಟು ಇಪ್ಪತ್ತೆಂಟು ಮಾಡಿದಳು. ಕೆಲವರು ಗೊಣಗಿದರು, ಕೆಲವರು ಬರುವುದನ್ನೇ ಬಿಟ್ಟರು. ಈಗ ದಿನಕ್ಕೆ ಎಂಬತ್ತು ಹೋಗುತ್ತವೆ, ಸಾವಿರದ ಮೇಲೆ ಉಳಿಯುತ್ತದೆ. ಕೆಲಸವೂ ಕಡಿಮೆ.

ಆದರೆ ಎಂಬತ್ತು ಹೋಳಿಗೆಗೆ ಇಬ್ಬರು ಬೇಕಿಲ್ಲ. ವಾರದ ಕೂಲಿ ಕೈಗಿಟ್ಟು, ನಾಳೆಯಿಂದ ಬರುವುದು ಬೇಡ ಎಂದಾಗ ರೇಣುಕಾ ಕೇಳಿದಳಂತೆ, "ಯಕ್ಕಾ, ವ್ಯಾಪಾರ ಅಷ್ಟು ಜೋರ ನಡದಿತ್ತಲ್ರೀ, ನನ್ನ ಯಾಕ ಬಿಡಸ್ತೀರಿ?"

ಅವಳಿಗೆ ಉತ್ತರ ಹೇಳುವುದು ಯಾರ ಟಾರ್ಗೆಟ್?